ಎಂಜಲಿನ ದಿಕ್ಕು

ಹೋಟೆಲಿನಲ್ಲಿ ಉಂಡು ಮಿಕ್ಕಿದ್ದನ್ನು ಮನೆಗೆ ಒಯ್ಯುವುದಕ್ಕೆ ಈಗ ಒಂದು ಶಿಷ್ಟಾಚಾರ ತಯಾರಾಗಿದೆ. ಊಟ ಹಾಕಿಸಿದವರೇ ಮೊದಲು ಆ ಮಾತು ಎತ್ತಬೇಕು, ಉಣ್ಣಲು ಬಂದವರು ತಾವಾಗಿ ಕೇಳಬಾರದು. ತಾಟಿನಲ್ಲಿ ಕೈಯಾಡಿಸಿದ್ದನ್ನು ಬಿಟ್ಟು, ಬಟ್ಟಲಲ್ಲಿ ಉಳಿದ ಪಲ್ಯ, ಮುಟ್ಟದ ರೊಟ್ಟಿ ಇಷ್ಟನ್ನೇ ಕಟ್ಟಿಸಬೇಕು. ಲಗ್ನದ ಊಟದಲ್ಲಿ, ಮೇಲಿನ ಸಾಹೇಬರ ಎದುರಿಗೆ ಕೇಳುವುದು ಚಂದವಲ್ಲ. ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದಾದ ಥಾಳಿ ಊಟದಲ್ಲಿ ಮಿಕ್ಕಿದ್ದು ಕೇಳಿದರೆ ಅದು ಕಳವಿಗೆ ಸಮ. ಮನೆಗೆ ಹೋದ ಮೇಲೆ ತಡಮಾಡದೆ ಫ್ರಿಜ್ಜಿನಲ್ಲಿಟ್ಟು, ಮರುದಿನ ಚೆನ್ನಾಗಿ ಕಾಯಿಸಿ ಉಣ್ಣಬೇಕು. ಪತ್ರಿಕೆಗಳ ಪುರವಣಿಗಳು ಹೇಳುವ ಈ ಮಾತುಗಳಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆದರೆ ಈ ಉಪದೇಶ ತನ್ನ ಓದುಗನನ್ನು ಯಾರೆಂದು ಊಹಿಸಿಕೊಂಡಿದೆ ಎಂಬುದನ್ನು ಗಮನಿಸಬೇಕು. ಮಿಕ್ಕಿದ್ದನ್ನು ಒಯ್ಯಲು ನಾಚುವವನು, ಆ ನಾಚಿಕೆ ಮೀರಿದ ಕೂಡಲೇ ಅನ್ನ ಉಳಿಸಿದ ಪುಣ್ಯವಂತನಾಗುವವನು. ಅವನ ನಾಚಿಕೆ ಒಂದು ತಲೆಮಾರಿನದು, ಬಹಳವೆಂದರೆ ಎರಡು ತಲೆಮಾರಿನದು. ಮಿಕ್ಕಿದ್ದನ್ನು ಒಯ್ಯುವುದನ್ನೇ ಹುಟ್ಟಿನ ಕರ್ತವ್ಯವಾಗಿ ಹೊತ್ತವರ ನಾಚಿಕೆಗೆ ಈ ಪುರವಣಿಗಳಲ್ಲಿ ಜಾಗವಿಲ್ಲ. ಆ ನಾಚಿಕೆಯನ್ನು ಒಂದು ಪಠ್ಯವೆಂದು ಓದುವುದು ಸಾಧ್ಯವೇ ಎಂಬುದು ಈ ಬರಹದ ಪ್ರಶ್ನೆ.

ವಿಮರ್ಶೆಯ ಸಂಚಿಕೆಯಲ್ಲಿ ಅನ್ನ ಸಾರಿನ ಮಾತೇಕೆ ಎಂದು ಕೇಳುವವರು ಇರಬಹುದು. ನಮ್ಮ ಕಾವ್ಯಮೀಮಾಂಸೆ ನಿಂತಿರುವುದೇ ಊಟದ ಶಬ್ದಗಳ ಮೇಲೆ. ರಸ, ರುಚಿ, ಆಸ್ವಾದ, ಚರ್ವಣ. ಬಾಣಭಟ್ಟನನ್ನು ಹೊಗಳಬೇಕಾದಾಗ ಲೋಕವೆಲ್ಲ ಅವನ ಎಂಜಲು ಎಂದರು ಸಂಸ್ಕೃತದ ಪಂಡಿತರು. ದೊಡ್ಡ ಕವಿ ಉಂಡು ಬಿಟ್ಟದ್ದನ್ನು ಉಳಿದ ಕವಿಗಳು ಉಣ್ಣುತ್ತಾರೆ ಎಂದರ್ಥ. ಅದರಲ್ಲಿ ಯಾರಿಗೂ ಅವಮಾನ ಕಾಣಲಿಲ್ಲ. ಅಗಿಯುವುದನ್ನು ಇಷ್ಟು ಸೂಕ್ಷ್ಮವಾಗಿ ವಿವರಿಸಿದ ಮೀಮಾಂಸೆ, ಪಂಕ್ತಿ ಎದ್ದ ಮೇಲೆ ಎಲೆ ಎತ್ತುವವರು ಯಾರು ಎಂದು ಕೇಳಲಿಲ್ಲ. ದಲಿತ ವಿಮರ್ಶೆಗೆ ತನ್ನದೇ ಪರಿಭಾಷೆ ಎಲ್ಲಿದೆ ಎಂದು ಕೇಳುತ್ತಲೇ ಬಂದಿದ್ದಾರೆ. ಎಲೆ ಎತ್ತುವ ಜಾಗದಲ್ಲಿ ನಿಂತು ಹುಡುಕಿದರೆ ಒಂದೆರಡು ಶಬ್ದವಾದರೂ ಸಿಕ್ಕಾವು.

ಬೀದರ ಜಿಲ್ಲೆಯಲ್ಲಿ ಈ ಹುಡುಕಾಟಕ್ಕೆ ಶಬ್ದಗಳ ಬರವಿಲ್ಲ. 1948ರವರೆಗೆ ನಿಜಾಮರ ಕೈಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ನೆಲ ಇದು. ಕನ್ನಡದ ಎಂಜಲು, ಮರಾಠಿಯ ಉಷ್ಟ, ದಖನಿಯ ಝೂಟಾ, ತೆಲುಗಿನ ಎಂಗಿಲಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಕನ್ನಡವೊಂದರಲ್ಲೇ ಎಷ್ಟು ಭೇದ ನೋಡಿರಿ. ಎಂಜಲು ಬಾಯಿಯದು, ಮುಸುರೆ ಪಾತ್ರೆಯದು, ತಂಗಳು ಹೊತ್ತಿನದು, ಪ್ರಸಾದ ದೇವರದು. ಇವಿಷ್ಟರ ನಡುವೆ ಮೊನ್ನೆ ಮೊನ್ನೆ ಬಂದು ಕೂತ ಶಬ್ದ ಪಾರ್ಸಲ್. ಇದಕ್ಕೆ ಬಾಯಿಲ್ಲ, ಪಾತ್ರೆಯಿಲ್ಲ, ಹೊತ್ತಿಲ್ಲ, ದೇವರೂ ಇಲ್ಲ. ಹೊಸದಾಗಿ ಮಾಡಿ ಕಟ್ಟಿಸಿಕೊಂಡದ್ದೂ ಪಾರ್ಸಲ್ಲೇ, ಉಂಡು ಮಿಕ್ಕಿದ್ದೂ ಪಾರ್ಸಲ್ಲೇ. ಕನ್ನಡದ ಯಾವ ಶಬ್ದವೂ ಮಾಡಲಾರದ ಕೆಲಸವನ್ನು, ಅಂದರೆ ಎಂಜಲನ್ನು ಎಂಜಲು ಅನ್ನದೆ ಮನೆಗೆ ಮುಟ್ಟಿಸುವುದನ್ನು, ಈ ಶಬ್ದ ಮಾಡುತ್ತದೆ. ಅಮೆರಿಕದವರು ಇದೇ ಕೆಲಸಕ್ಕೆ ನಾಯಿಯನ್ನು ಹಿಡಿದರು. ಅಲ್ಲಿ ಅದು 'ಡಾಗಿ ಬ್ಯಾಗ್'. ಒಯ್ಯುವುದು ನಾಯಿಗೆ ಎಂದು ಹೇಳಿ ಮನೆಯಲ್ಲಿ ಮನುಷ್ಯರೇ ಉಂಡರು. ತಮ್ಮ ಮಾನ ಉಳಿಸಿಕೊಳ್ಳಲು ನಾಯಿಯ ಹೆಸರು ಹೇಳಬಹುದಾದವರ ಲೋಕ ಅದು. ನಾಯಿಯ ಸರದಿಯೂ ತಮ್ಮ ಸರದಿಯೂ ಒಂದೇ ಆಗಿದ್ದವರು ಯಾರ ಹೆಸರು ಹೇಳಬೇಕು? ಫ್ರಾನ್ಸಿನಲ್ಲಿ 2021ರ ಜುಲೈಯಿಂದ, ಗಿರಾಕಿ ಕೇಳಿದರೆ ಮಿಕ್ಕಿದ್ದನ್ನು ಒಯ್ಯಲು ಹೋಟೆಲಿನವರು ಡಬ್ಬಿ ಕೊಡಲೇಬೇಕೆಂದು ಕಾನೂನಾಯಿತು. ನಾಚಿಕೆ ಬಿಡಿಸಲು ಅಲ್ಲಿ ಸರಕಾರವೇ ಬರಬೇಕಾಯಿತು ಎಂಬುದು ಕುತೂಹಲದ ಸಂಗತಿ.

ಪುಣೆ ಹೈದರಾಬಾದುಗಳ ನಡುವಿನ ಹೆದ್ದಾರಿ, ಹಿಂದೆ 9ನೆಯ ನಂಬರಿನದು, ಈಗ 65ನೆಯದು, ಹುಮನಾಬಾದಿನ ಮೇಲೆ ಹಾದುಹೋಗುತ್ತದೆ. ಬಸವಕಲ್ಯಾಣಕ್ಕೆ ಹೋಗುವವರು ಸಸ್ತಾಪುರ ಬಂಗ್ಲಾದ ಹತ್ತಿರ ಹೊರಳಬೇಕು. ಕಲ್ಯಾಣ ಶರಣರ ಊರು ಎಂದು ಹೊರಗಿನವರಿಗೆ ಗೊತ್ತು. ಲಾರಿಗಳ ಊರೆಂಬುದು ಹೆದ್ದಾರಿಯವರಿಗೆ ಗೊತ್ತು. ಲಾರಿ ಇದ್ದಲ್ಲಿ ಧಾಬಾ. ಪಂಜಾಬಿ ಹೆಸರಿನ ಧಾಬಾ, ಜೋಳದ ರೊಟ್ಟಿಯ ಖಾನಾವಳಿ, ಬೆಳಗ್ಗೆ ತಹರಿ ಮಾಡುವ ಸಾಬರ ಹೋಟೆಲು ಎಲ್ಲವೂ ಈ ದಾರಿಯಲ್ಲಿವೆ. ಹುಮನಾಬಾದಿನ ಈಚೆಯ ಒಂದು ಧಾಬಾದಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಪಕ್ಕದ ಮೇಜಿನಲ್ಲಿ ನೌಕರಿ ಮಾಡುವ ಮಗ, ವಯಸ್ಸಾದ ಅಪ್ಪ, ಸೋದರಮಾವ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಅಪ್ಪನ ಕೊರಳಲ್ಲಿ ನೀಲಿ ವಸ್ತ್ರ. ಪಲ್ಯ ಅರ್ಧ ಉಳಿದಿತ್ತು, ಮುಟ್ಟದ ರೊಟ್ಟಿ ನಾಕು. ಮಗ ಸಪ್ಲಾಯರ್ ಹುಡುಗನನ್ನು ಕರೆದು, "ತಮ್ಮಾ, ಇಷ್ಟೂ ಪಾರ್ಸಲ್ ಮಾಡಪಾ" ಅಂದ. ಅಪ್ಪ ತಲೆ ಎತ್ತಿದ.

"ಬ್ಯಾಡ. ಇಟ್ಟು ನಡಿ."

"ಯಪ್ಪಾ, ರೊಕ್ಕ ಕೊಟ್ಟೀವಿ. ಪುಕ್ಕಟ ಏನು?"

"ರೊಕ್ಕ ಕೊಟ್ಟೀವಂತ ನಿನಗ ಗೊತ್ತದ, ನನಗ ಗೊತ್ತದ. ಓಣ್ಯಾಗ ಗಂಟ ಹಿಡಕೊಂಡು ಹೋಗೋದು ನೋಡೋರಿಗಿ ಏನ ಗೊತ್ತು?"

ಮಾವ ನಡುವೆ ಬಾಯಿ ಹಾಕಿ, "ಈಗ ಯಾರೂ ನೋಡಲ್ಲ ಬಿಡು ಭಾವಾ, ಎಲ್ಲಾರೂ ಒಯ್ತಾರ" ಅಂದರೂ ಮುದುಕ ಅಲ್ಲಾಡಲಿಲ್ಲ. ಕೊನೆಗೆ ಪಲ್ಯ ಅಲ್ಲೇ ಉಳಿಯಿತು. ಮಗ ಬಿಲ್ಲು ಕೊಡುವಾಗ ಮುಖ ಕೆಂಪಗೆ ಮಾಡಿಕೊಂಡಿದ್ದ.

ಅನ್ನ ಚೆಲ್ಲಿದ ಮುದುಕ ಎಂದು ಇದನ್ನು ಓದಿದರೆ ಪುರವಣಿಯ ಓದಾಗುತ್ತದೆ. ಅನ್ನದ ಬೆಲೆ ಅವನಿಗೆ ಹೇಳಿಕೊಡುವವರು ಆ ಧಾಬಾದಲ್ಲಿ ಯಾರೂ ಇರಲಿಲ್ಲ. ಅವನು ತಿರಸ್ಕರಿಸಿದ್ದು ಅನ್ನವನ್ನಲ್ಲ, ಒಂದು ಚಿತ್ರವನ್ನು. ಊರ ಕಡೆಯಿಂದ ಕೇರಿಯ ಕಡೆಗೆ, ಸಂಜೆ ಹೊತ್ತು, ಕೈಯಲ್ಲಿ ಗಂಟು ಹಿಡಿದು ಬರುವ ಮನುಷ್ಯನ ಚಿತ್ರ. ಈ ಭಾಗದ ಬಲುತೆ ಪದ್ಧತಿಯಲ್ಲಿ ಹೊಲೆಯ, ಮಾದಿಗ, ಮಹಾರ, ಮಾಂಗರು ಊರ ಚಾಕರಿ ಮಾಡಿ ಸುಗ್ಗಿಯಲ್ಲಿ ಕಾಳಿನ ಪಾಲು, ದಿನಾ ಸಂಜೆ ಮನೆ ಮನೆಯ ರೊಟ್ಟಿ ತುಂಡು ಪಡೆಯುತ್ತಿದ್ದರು. ಮರಾಠಿಯಲ್ಲಿ ದಯಾ ಪವಾರರು 1978ರಲ್ಲಿ ತಮ್ಮ ಆತ್ಮಕಥೆಗೆ 'ಬಲುತಂ' ಎಂದೇ ಹೆಸರಿಟ್ಟರು. ಕೂಲಿ ಎಲ್ಲಿ ಮುಗಿದು ಭಿಕ್ಷೆ ಎಲ್ಲಿ ಸುರುವಾಗುತ್ತದೆ ಎಂದು ಗೊತ್ತಾಗದಂತೆ ಮಾಡುವುದೇ ಆ ಪದ್ಧತಿಯ ಜಾಣತನ. ದುಡಿದದ್ದಕ್ಕೆ ಸಿಕ್ಕಿದ್ದು ರೊಟ್ಟಿ. ಆದರೆ ಕೊಡುವ ಕೈ ಅದನ್ನು ಕರುಣೆಯಾಗಿ ಕೊಡುತ್ತದೆ, ತೆಗೆದುಕೊಳ್ಳುವ ಕೈ ಮೇಲಿನಿಂದ ಬೀಳುವುದನ್ನು ಉಡಿಯಲ್ಲಿ ಹಿಡಿಯಬೇಕು.

ಇದು ಬರೀ ರೂಢಿಯೂ ಅಲ್ಲ. ಶೂದ್ರ ಸೇವಕನಿಗೆ ಉಂಡು ಉಳಿದ ಅನ್ನ, ಹಳೆಯ ಬಟ್ಟೆ, ಜೊಳ್ಳು ಕಾಳು, ಹಳೆಯ ಸಾಮಾನು ಕೊಡಬೇಕೆಂದು ಮನುಸ್ಮೃತಿಯ 10ನೆಯ ಅಧ್ಯಾಯ ಬರೆದಿಟ್ಟಿದೆ. ಅಥರ್ವವೇದದ 11ನೆಯ ಕಾಂಡದಲ್ಲಿ ಯಜ್ಞದ ಉಚ್ಛಿಷ್ಟವನ್ನೇ ಜಗತ್ತಿನ ಆಧಾರವೆಂದು ಹಾಡುವ ಒಂದು ಸೂಕ್ತವಿದೆ. ಪಂಡಿತರು ಅದನ್ನು ಬಹಳ ಗಹನವಾದದ್ದೆನ್ನುತ್ತಾರೆ. ಗಹನವೇ ಇರಲಿ. ದೇವರು ಬಿಟ್ಟದ್ದು ತತ್ವವಾಯಿತು, ಮನುಷ್ಯ ಬಿಟ್ಟದ್ದು ಸಂಬಳವಾಯಿತು. ಎರಡೂ ಒಂದೇ ಪರಂಪರೆಯ ಮಾತುಗಳು.

ಹೋಟೆಲು ಬಂದಾಗ ಈ ಗಂಟು ಹೊಸ ರೂಪ ತಾಳಿತು. ಒಳಗೆ ಕೂಡಿಸಿಕೊಳ್ಳಲಾರದವರಿಗೆ ಹೋಟೆಲು ಮಾಡಿಕೊಟ್ಟ ಅನುಕೂಲ ಎರಡು: ಹೊರಗಿನ ಗೂಟಕ್ಕೆ ಸಿಗಿಸಿದ ಬೇರೆ ಕಪ್ಪು, ಹಿಂದಿನ ಬಾಗಿಲಲ್ಲಿ ಕೈಮುಟ್ಟದೆ ಉಡಿಗೆ ಹಾಕಿದ ಪೊಟ್ಟಣ. ಮುತ್ತುಗದ ಎಲೆಯಲ್ಲೋ ರದ್ದಿ ಕಾಗದದಲ್ಲೋ ಸುತ್ತಿದ ಭಜಿ, ಅನ್ನ. ಕೂತು ಉಣ್ಣುವವನು ಗಿರಾಕಿ, ಕಟ್ಟಿಸಿಕೊಂಡು ನಡೆಯುವವನು ಹೊಲೆಯ. ಹಾಗಾಗಿ ಪಾರ್ಸಲ್ ಎಂಬ ಶಬ್ದ ಈ ನೆಲಕ್ಕೆ ಬರುವ ಮೊದಲೇ ಪಾರ್ಸಲ್ ಎಂಬ ಅವಮಾನ ಇಲ್ಲಿತ್ತು. 1950ರ ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಹೆಸರು ಹಿಡಿದೇ ಪ್ರವೇಶದ ಹಕ್ಕು ಹೇಳುತ್ತದೆ. ರಾಜ್ಯಾಂಗದಂಥ ಗಂಭೀರ ಗ್ರಂಥದಲ್ಲಿ ಹೋಟೆಲು ಯಾಕೆ ಬಂತು ಎಂದು ಆಶ್ಚರ್ಯಪಡುವವರು ಆ ಹಿಂದಿನ ಬಾಗಿಲನ್ನು ಕಂಡವರಲ್ಲ. ಹೋಟೆಲಿನ ಒಳಗೆ ಕೂತು, ಉಂಡು, ಕೈ ಬೀಸಿಕೊಂಡು ಬರಿಗೈಲಿ ಹೊರಗೆ ಬರುವುದು ಒಂದು ತಲೆಮಾರಿನ ದಲಿತರಿಗೆ ಹಕ್ಕು ಚಲಾಯಿಸಿದ ಗುರುತು. ಬರಿಗೈ ಮುಖ್ಯ. ಮುದುಕ ಕೇಳಿದ್ದು ಆ ಬರಿಗೈಯನ್ನು.

1927ರ ಮಾರ್ಚ್ 19 ಮತ್ತು 20ರಂದು ಮಹಾಡದಲ್ಲಿ ನಡೆದ ಸಮ್ಮೇಳನವನ್ನು ನಾವು ಚವದಾರ ಕೆರೆಯ ನೀರಿನಿಂದ ನೆನೆಯುತ್ತೇವೆ. ಅದೇ ಸಮ್ಮೇಳನದಲ್ಲಿ ಅಂಬೇಡ್ಕರರು ತಮ್ಮ ಜನಕ್ಕೆ ಸತ್ತ ದನದ ಮಾಂಸ ಬಿಡಿರಿ, ಎಂಜಲಿನ ತುಂಡು ಬಿಡಿರಿ ಎಂದು ಹೇಳಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಕೆರೆಗೆ ಹೋಗುವುದು ಊರಿನವರ ವಿರುದ್ಧ. ಎಂಜಲು ಬಿಡುವುದು ತನ್ನ ಹಸಿವಿನ ವಿರುದ್ಧ, ತನ್ನ ಮಕ್ಕಳ ಹಸಿವಿನ ವಿರುದ್ಧ. ಎರಡನೆಯದು ಕಷ್ಟದ್ದು, ಯಾಕಂದರೆ ಅದಕ್ಕೆ ಮೆರವಣಿಗೆಯಿಲ್ಲ, ಸಾಕ್ಷಿಯಿಲ್ಲ. ಸಂಜೆಯಾದರೆ ಒಲೆ ಮಾತ್ರ ಇರುತ್ತದೆ. ಡಿ.ಆರ್. ನಾಗರಾಜರು 1993ರ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಗಾಂಧಿಯ ಆತ್ಮಶುದ್ಧಿ, ಅಂಬೇಡ್ಕರರ ಆತ್ಮಗೌರವ ಎಂದು ಎರಡು ನೆಲೆಗಳನ್ನು ಎದುರುಬದುರು ಇಟ್ಟು ನೋಡಿದರು. ಇವತ್ತಿನ ಅನ್ನ ಉಳಿಸುವ ಉಪದೇಶ ಪೂರಾ ಆತ್ಮಶುದ್ಧಿಯ ಜಾತಿಯದು. ಉಂಡವನ ಮನಸ್ಸಾಕ್ಷಿ ತೊಳೆಯುವುದು ಅದರ ಗುರಿ. ಧಾಬಾದ ಮುದುಕನದು ಆತ್ಮಗೌರವದ ಮಾತು. ಎರಡಕ್ಕೂ ಒಂದೇ ತಕ್ಕಡಿ ಹಿಡಿದು, ಮುದುಕ ಪರಿಸರವಿರೋಧಿ ಎಂದು ತೀರ್ಪು ಕೊಡಲು ಬರುವುದಿಲ್ಲ.

ದಲಿತ ಆತ್ಮಕಥೆಗಳು ಈ ಎರಡು ನೆಲೆಗಳ ನಡುವಿನ ಜಗ್ಗಾಟವನ್ನು ತಾಯಂದಿರ ಮೇಲಿಟ್ಟು ಹೇಳಿವೆ. ಶರಣಕುಮಾರ ಲಿಂಬಾಳೆಯವರು ನಮ್ಮ ಗಡಿಯಾಚೆ, ಅಕ್ಕಲಕೋಟೆಯ ಕಡೆಯವರು. ಅವರ 'ಅಕ್ಕರಮಾಶಿ' (1984) ಶಾಲೆಯ ಹುಡುಗರ ಒಂದು ವನಭೋಜನದಿಂದ ಸುರುವಾಗುತ್ತದೆ. ಮೇಲ್ಜಾತಿಯ ಮಕ್ಕಳು ಉಂಡು ಬಿಟ್ಟದ್ದನ್ನು ಮಹಾರರ ಮಕ್ಕಳಿಗೆ ಕೊಡುತ್ತಾರೆ. ಹುಡುಗ ಮನೆಗೆ ಬಂದು ಅದನ್ನು ಹೇಳಿದಾಗ ತಾಯಿಗೆ ಸಿಟ್ಟು ಬರುವುದಿಲ್ಲ. ತನಗೂ ಒಂದಿಷ್ಟು ತರಲಿಲ್ಲವೆಂದು ಕೊರಗುತ್ತಾಳೆ. ಮಾಸ್ತರರು ಪ್ರವಾಸದ ಮೇಲೆ ಪ್ರಬಂಧ ಬರೆಯಲು ಹೇಳಿದಾಗ ಹುಡುಗನಿಗೆ ಹೇಗೆ ಸುರು ಮಾಡಬೇಕೆಂದು ತೋಚುವುದಿಲ್ಲ. ಹಿಂದಿಯ ಓಂಪ್ರಕಾಶ ವಾಲ್ಮೀಕಿಯವರ 'ಜೂಠನ್' (1997) ಪಶ್ಚಿಮ ಉತ್ತರಪ್ರದೇಶದ ಕಥೆ. ಅಲ್ಲಿ ಲಗ್ನದ ಮನೆಯ ಎಂಜಲು ಪೂರಿಗಳನ್ನು ಒಯ್ದು, ಬಿಸಿಲಿಗೆ ಒಣಗಿಸಿ, ಮಳೆಗಾಲಕ್ಕೆ ತೆಗೆದಿಡುತ್ತಿದ್ದರು. ಹತ್ತಾರು ದಿನ ಚಾಕರಿ ಮಾಡಿದ ಮನೆಯ ಲಗ್ನದ ದಿನ, ಮಕ್ಕಳಿಗೆ ಒಂದು ಎಲೆ ಬಡಿಸಿರೆಂದು ತಾಯಿ ಯಜಮಾನನನ್ನು ಕೇಳುತ್ತಾಳೆ. ಬುಟ್ಟಿ ತುಂಬ ಎಂಜಲು ಇದೆಯಲ್ಲ ಎಂದು ಅವನು ತೋರಿಸುತ್ತಾನೆ. ಆಕೆ ಬುಟ್ಟಿಯನ್ನು ಅಲ್ಲೇ ಚೆಲ್ಲಿ ಮಕ್ಕಳನ್ನು ಕರಕೊಂಡು ನಡೆಯುತ್ತಾಳೆ, ಮತ್ತೆ ಆ ಬಾಗಿಲಿಗೆ ಹೋಗುವುದಿಲ್ಲ.

ಓದುಗರಾಗಿ ನಾವು ಎರಡನೆಯ ತಾಯಿಗೆ ಚಪ್ಪಾಳೆ ಹೊಡೆಯುತ್ತೇವೆ, ಮೊದಲನೆಯವಳನ್ನು ಕಂಡು ಮರುಗುತ್ತೇವೆ. ನಮ್ಮ ಬಂಡಾಯದ ವಿಮರ್ಶೆ ಇಷ್ಟಕ್ಕೆ ಕೈತೊಳೆದುಕೊಂಡಿತು. ಚೆಲ್ಲಿದ ಬುಟ್ಟಿ ಅದಕ್ಕೆ ಬಹಳ ಹಿಡಿಸಿತು, ಯಾಕಂದರೆ ಬುಟ್ಟಿ ಚೆಲ್ಲುವುದು ಕಾಣುವಂಥ ಕೆಲಸ. ಆದರೆ ಲಿಂಬಾಳೆಯವರ ತಾಯಿಯ ಕೊರಗು ಸಣ್ಣದಲ್ಲ. ಹಸಿದ ಮನೆಯಲ್ಲಿ ತಂದದ್ದನ್ನು ಹಂಚಿಕೊಳ್ಳಬೇಕೆಂಬ ನ್ಯಾಯ ಅವಳದು. ಮಗ ಒಬ್ಬನೇ ಉಂಡು ಬಂದದ್ದೇ ಅವಳಿಗೆ ತಪ್ಪಾಗಿ ಕಂಡಿದೆ. ಬುಟ್ಟಿ ಚೆಲ್ಲಿದ ರಾತ್ರಿ ಆ ಮನೆಯಲ್ಲಿ ಮಕ್ಕಳು ಏನು ಉಂಡರು ಎಂಬುದನ್ನೂ ಕೇಳದೆ ಆತ್ಮಗೌರವದ ಮಾತಾಡುವ ವಿಮರ್ಶೆ ಹೊಟ್ಟೆ ತುಂಬಿದವರ ವಿಮರ್ಶೆಯೇ. ಇಬ್ಬರೂ ತಾಯಂದಿರು ನಮ್ಮವರು. ಒಬ್ಬಳನ್ನು ಇಟ್ಟುಕೊಂಡು ಇನ್ನೊಬ್ಬಳನ್ನು ಬಿಡಲು ಬರುವುದಿಲ್ಲ.

ದೇವನೂರರ 'ಒಡಲಾಳ'ದಲ್ಲಿ (1978) ಮೂರನೆಯದೊಂದು ದಾರಿ ಇದೆ. ಸಾಹುಕಾರನ ಕಡಲೆಕಾಯಿ ಮೂಟೆ ಸಾಕವ್ವನ ಮನೆಗೆ ಬರುತ್ತದೆ. ಮಕ್ಕಳು ಮರಿ ಎಲ್ಲ ಕೂಡಿ ಒಂದೇ ರಾತ್ರಿ ತಿಂದು ತೀರಿಸುತ್ತಾರೆ, ಪೊಲೀಸರಿಗೆ ಗುರುತು ಸಿಗದಂತೆ. ಅಲ್ಲಿ ಮಿಕ್ಕುವುದೆಂದರೆ ಸಾಕ್ಷಿ. ಮಿಕ್ಕಿದರೆ ಜೈಲು. ಕನ್ನಡದಲ್ಲಿ ದಲಿತರು ಹೊಟ್ಟೆ ತುಂಬ ಉಂಡ ಅತ್ಯಂತ ಸಂಭ್ರಮದ ಊಟ ಇದೇ ಇರಬೇಕು, ಮತ್ತು ಅದರಲ್ಲಿ ಮನೆಗೆ ಒಯ್ಯಲು ಏನೂ ಉಳಿಯದು. ಉಳಿಸುವ ಅಧಿಕಾರ ಇರುವವನಿಗೆ ಮಾತ್ರ ಉಳಿಸುವ ನೀತಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರಬಂಧವೂ ಹೇಳಲಾರದು.

ಇನ್ನು ಕಲ್ಯಾಣದ ಮಾತು. ಈ ಊರಲ್ಲಿ ನಿಂತು ಎಂಜಲಿನ ಬಗ್ಗೆ ಬರೆಯುವವರು 12ನೆಯ ಶತಮಾನವನ್ನು ದಾಟಿ ಹೋಗಲಾರರು. ಬ್ರಾಹ್ಮಣನಾಗಿ ಹುಟ್ಟಿ ಬಿಜ್ಜಳನ ಭಂಡಾರ ನೋಡುತ್ತಿದ್ದ ಬಸವಣ್ಣ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರಂಥವರ ಮನೆಯವನು ತಾನೆಂದು ಹೇಳಿಕೊಂಡ, ಶರಣರು ಉಂಡು ಮಿಕ್ಕಿದ್ದನ್ನು ಪ್ರಸಾದವೆಂದು ಬಯಸಿದ. ಎಂಜಲು ಯಾವಾಗಲೂ ಮೇಲಿನಿಂದ ಕೆಳಕ್ಕೆ ಹರಿಯುವ ನೀರು. ಅದನ್ನು ಕೆಳಗಿನಿಂದ ಮೇಲಕ್ಕೆ ಹರಿಸಲು ನೋಡಿದ್ದು ಕಲ್ಯಾಣ. ಹರಿಹರನ ಮಾದಾರ ಚೆನ್ನಯ್ಯನ ರಗಳೆಯಲ್ಲಿ ದಿನಾ ಚೋಳರಾಜನ ಎಡೆ ಉಣ್ಣುತ್ತಿದ್ದ ಶಿವ ಒಂದು ದಿನ ಉಣ್ಣದೆ ಬಿಡುತ್ತಾನೆ, ಚೆನ್ನಯ್ಯನ ಮನೆಯಲ್ಲಿ ಅಂಬಲಿ ಕುಡಿದು ಹೊಟ್ಟೆ ತುಂಬಿದೆ ಎಂದು. ಅರಸನ ಮೃಷ್ಟಾನ್ನವೇ ಮಿಕ್ಕಿ ಉಳಿಯಿತು. ನಮ್ಮ ಸಾಹಿತ್ಯದಲ್ಲಿ ಇಂಥ ತಿರುವು ಅಪರೂಪದ್ದು, ಇದನ್ನು ಅವೈದಿಕ ಪರಂಪರೆಯ ದೊಡ್ಡ ಗಳಿಕೆ ಎಂದು ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು. ಅಂಬಲಿ ಕುಡಿಯುವ ಮನೆಯಲ್ಲಿ ಮಿಕ್ಕುವುದು ಎಷ್ಟು? ದೇವರು ಬಂದು ಕುಡಿದು ಹೋದ ಮೇಲೆ ಚೆನ್ನಯ್ಯನ ಮನೆಯವರಿಗೆ ಗಡಿಗೆಯ ತಳದಲ್ಲಿ ಏನು ಉಳಿಯಿತು? (ಅಂಬಲಿಯನ್ನು ಹೊಗಳುವ ಕವಿಗಳನ್ನು ಕಂಡರೆ ನನಗೆ ಯಾವಾಗಲೂ ಸಂಶಯ, ಆ ಹೊಗಳಿಕೆ ಸಾಮಾನ್ಯವಾಗಿ ಅನ್ನ ಉಂಡವರದು.) ಎಂಜಲು ಬೇಡುವವನ ವಿನಯ ದೊಡ್ಡದೇ. ಆದರೆ ಆ ವಿನಯದಿಂದ ದೊಡ್ಡವನಾಗುವವನೂ ಬೇಡಿದವನೇ. ಕೊಟ್ಟವನಿಗೆ ಕೊಡುವುದಿಲ್ಲ ಎನ್ನುವ ಅವಕಾಶ ಇತ್ತೇ ಎಂದು ಪುರಾಣ ನಮಗೆ ತೋರಿಸುವುದಿಲ್ಲ. ಹರಳಯ್ಯ ಮಧುವರಸರ ಮಕ್ಕಳ ಮದುವೆಗೆ ತಲೆ ಕೊಟ್ಟವರ ಕತೆ ಎಲ್ಲರಿಗೂ ಗೊತ್ತು. ಆ ಮದುವೆಯ ಅಡಿಗೆ ಯಾರ ಪಾತ್ರೆಯಲ್ಲಿ ಬೆಂದಿತು ಎಂದು ಹರಳಯ್ಯನ ಗವಿಯ ಮುಂದೆ ನಿಂತಾಗೆಲ್ಲ ಕೇಳಿಕೊಳ್ಳಬೇಕೆನಿಸುತ್ತದೆ.

ಆಮೇಲೆ ನಡೆದದ್ದು ಎಲ್ಲರ ಕಣ್ಣ ಮುಂದಿದೆ. ಪ್ರಸಾದ ಮಠಕ್ಕೆ ಸೇರಿತು, ನೀರು ಮತ್ತೆ ಮೇಲಿನಿಂದ ಕೆಳಕ್ಕೆ ಹರಿಯತೊಡಗಿತು. ದಾಸೋಹದ ಪಂಕ್ತಿಯಲ್ಲಿ ಒಂದು ಅಗುಳೂ ಬಿಡದೆ ಉಂಡು, ತಾಟು ತೊಳೆದ ನೀರನ್ನೂ ಕುಡಿಯುವ ಪದ್ಧತಿ ಮಾತ್ರ ಉಳಿದುಕೊಂಡು ಬಂದಿದೆ. ಎಂಜಲೇ ಇಲ್ಲದಂತೆ ಮಾಡುವ ಆ ಶಿಸ್ತು ನನಗೆ ಇವತ್ತಿಗೂ ಗೌರವದ್ದಾಗಿ ಕಾಣುತ್ತದೆ. ಹುಮನಾಬಾದಿನ ಮಾಣಿಕನಗರದಲ್ಲಿ ಸಕಲಮತದ ಮಾಣಿಕಪ್ರಭುಗಳ (1817-1865) ಹೆಸರಿನಲ್ಲಿ ನಡೆಯುವ ಅನ್ನದಾನಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ಬರುತ್ತಾರೆ. ಇಂಥ ಕಡೆ ಊಟ ಮುಗಿಸಿ ಪ್ರಸಾದ ಕಟ್ಟಿಸಿಕೊಂಡು ಬರುವಾಗ ಯಾರಿಗೂ ನಾಚಿಕೆಯಿಲ್ಲ, ಧಾಬಾದ ಮುದುಕನಿಗೂ ಇರಲಾರದು. ಕಟ್ಟಿದ ಗಂಟು ಅದೇ, ಒಯ್ಯುವ ಓಣಿ ಅದೇ, ಹೆಸರು ಬೇರೆ. ಇದರ ಇನ್ನೊಂದು ತುದಿಯಲ್ಲಿ ಕುಕ್ಕೆಯ ಮಡೆಸ್ನಾನ ಇತ್ತು. ಬ್ರಾಹ್ಮಣರು ಉಂಡ ಎಲೆಯ ಮೇಲೆ ಉರುಳುವುದನ್ನೂ ಭಕ್ತಿ ಎಂದರು. ಉರುಳುವವರೇ ಬೇಕೆನ್ನುತ್ತಾರೆ, ನಿಮಗೇನು ಎಂದು ಕೇಳಿದರು. ಅಮಾನವೀಯ ಆಚರಣೆಗಳನ್ನು ತಡೆಯುವ 2017ರ ಕರ್ನಾಟಕದ ಕಾಯ್ದೆ ಎಂಜಲೆಲೆಯ ಮೇಲೆ ಉರುಳಿಸುವುದನ್ನು ಅಪರಾಧಗಳ ಪಟ್ಟಿಗೆ ಸೇರಿಸಬೇಕಾಯಿತು. ಹೆಸರು ಬದಲಾದರೆ ಎಂಜಲು ಪ್ರಸಾದವಾಗಬಹುದು, ನಿಜ. ಹೆಸರಿಡುವ ಬಾಯಿ ಯಾರದು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಎಂಜಲೇ ಆಗದೆ ಉಳಿಯುವ ಅನ್ನವೂ ನಮ್ಮಲ್ಲಿದೆ. 2002ರಲ್ಲಿ ಬೀದರ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಸುರುವಾದ ಶಾಲೆಯ ಬಿಸಿಯೂಟಕ್ಕೆ ಸರಕಾರ ಇಟ್ಟ ಹೆಸರು ಅಕ್ಷರ ದಾಸೋಹ, ಕಲ್ಯಾಣದ ಶಬ್ದ. ಅಡಿಗೆಯವಳು ದಲಿತಳೆಂದು ಮಕ್ಕಳನ್ನು ಉಣ್ಣಗೊಡದ ಸುದ್ದಿಗಳು ಈ ರಾಜ್ಯದಲ್ಲಿ ಮೇಲಿಂದ ಮೇಲೆ ಬಂದಿವೆ. ಯಾರ ಬಾಯಿಯೂ ತಾಗದ ಅನ್ನ ಡಬರಿಯಲ್ಲಿ ಹಾಗೇ ಉಳಿಯುತ್ತದೆ. ಪುರವಣಿಯ ಅನ್ನ ಉಳಿಸುವ ಲೇಖಕರು ಈ ಅನ್ನದ ಲೆಕ್ಕ ಹಿಡಿದದ್ದನ್ನು ನಾನು ಓದಿಲ್ಲ.

ಹೋಟೆಲಿನ ಮಿಕ್ಕಿದ್ದನ್ನು ದಿನಾಲೂ ಮನೆಗೆ ಒಯ್ಯುವವರು ಗಿರಾಕಿಗಳಲ್ಲ ಎಂಬ ಸಂಗತಿ ಕೊನೆಗೆ ಬರುತ್ತದೆ, ಮೊದಲೇ ಬರಬೇಕಾಗಿತ್ತು. ಧಾಬಾಗಳ ಹಿಂದೆ, ನಳದ ಹತ್ತಿರ, ಭಾಂಡೆ ತಿಕ್ಕುವ ಹೆಣ್ಣುಮಕ್ಕಳು ಹೆಚ್ಚಾಗಿ ನಮ್ಮ ಕೇರಿಗಳವರೇ. ಅವರದೂ ಒಂದು ಶಿಷ್ಟಾಚಾರ ಇದೆ, ಯಾವ ಪುರವಣಿಯಲ್ಲೂ ಅಚ್ಚಾಗಿಲ್ಲ. ಕೊನೆಯ ಗಿರಾಕಿ ಏಳುವತನಕ ಡಬರಿಯ ಕಡೆ ನೋಡಬಾರದು. ಸಾವಕಾರ ತಾನಾಗಿ ಹೇಳುವತನಕ ಕೇಳಬಾರದು. ಹೇಳಿದರೂ ಮೊದಲ ಸಲಕ್ಕೆ ಕೈ ಹಾಕಬಾರದು. ತಾಟಿನಲ್ಲಿ ಉಳಿದದ್ದು ಬಕೀಟಿಗೆ, ಅಲ್ಲಿಂದ ಎಮ್ಮೆಗೋ ಹಂದಿಗೋ. ಡಬರಿಯ ತಳದ ಅನ್ನ, ದಾಲು ಮಾತ್ರ ಮನೆಗೆ. "ತಾಟಿನ್ಯಾಗಿಂದು ಸತ್ತರೂ ಒಯ್ಯಲ್ರಿ" ಎಂದು ಒಬ್ಬಾಕೆ ಹೇಳಿದ್ದು ಮಹಾಡದ ನಿರ್ಣಯವನ್ನು ಓದಿ ಹೇಳಿದ್ದಲ್ಲ. ಒಯ್ಯುವಾಗ ಕ್ಯಾರಿಬ್ಯಾಗು ಸೆರಗಿನ ಒಳಗೆ. ಮನೆಯಲ್ಲಿ ಮಕ್ಕಳಿಗೆ ಮಿಕ್ಕಿದ್ದು ಎಂದು ಹೇಳಬಾರದು, ಹೋಟೆಲಿನದು ಎನ್ನಬೇಕು. ಮಕ್ಕಳು ಅದನ್ನು ಹೋಟೆಲಿನ ಊಟವೆಂದೇ ಸಂಭ್ರಮದಿಂದ ಉಣ್ಣುತ್ತಾರೆ.

ಗಿರಾಕಿಯ ಡಬ್ಬಿಯಲ್ಲಿರುವುದಕ್ಕಿಂತ ಈ ಚೀಲದ ಅನ್ನ ಶುದ್ಧ, ಯಾರ ಕೈಯೂ ಬಾಯಿಯೂ ತಾಗದ್ದು. ಆದರೂ ಡಬ್ಬಿ ಮುಂದಿನ ಬಾಗಿಲಿಂದ ಹೋಗುತ್ತದೆ, ಚೀಲ ಹಿಂದಿನ ಬಾಗಿಲಿಂದ. ಇಲ್ಲಿ ಬಲುತೆ ತಿರುಗಿ ಬರುವ ದಾರಿಯೂ ಇದೆ. ಕೂಲಿ ಹೆಚ್ಚು ಮಾಡಿರೆಂದು ಕೇಳಿದ ದಿನ, "ದಿನಾ ಅನ್ನ ಒಯ್ಯಲ್ಲೇನವಾ?" ಎಂಬ ಮಾತು ಬರುತ್ತದೆ. ನಿನ್ನೆಯ ತನಕ ಧರ್ಮಕ್ಕೆ ಕೊಟ್ಟ ಅನ್ನಕ್ಕೆ ಇವತ್ತು ಬೆಲೆ ಕಟ್ಟುತ್ತಾರೆ. 1948ರ ಕನಿಷ್ಠ ವೇತನ ಕಾಯ್ದೆಯೇ ಕೂಲಿಯನ್ನು ನಗದಾಗಿ ಕೊಡಬೇಕೆಂದು ಹೇಳಿತ್ತು. ಕಾಯ್ದೆ ಬರೆದವರಿಗೆ ಈ ಡಬರಿಯ ತಳ ಗೊತ್ತಿದ್ದಂತೆ ಕಾಣುತ್ತದೆ. ಮಿಕ್ಕಿದ್ದನ್ನು ಒಯ್ಯುವುದು ಸರಿಯೋ ತಪ್ಪೋ ಎಂದು ನಾವು ಪತ್ರಿಕೆಗಳಲ್ಲಿ ಚರ್ಚೆ ಮಾಡುವಾಗ, ಇಲ್ಲಿ ನಡೆಯುತ್ತಿರುವುದು ಬೇರೆ ಲೆಕ್ಕ: ಅನ್ನ ಕೂಲಿಯಲ್ಲಿ ಹಿಡಿಯುವುದೋ, ಕೂಲಿಯ ಮೇಲಿನದೋ. ಮೇಲಿನದಾದರೆ, ಹಳಸುವ ಮೊದಲೇ, ಮುಂದಿನ ಗಲ್ಲೆಯ ಹತ್ತಿರ, ಗಿರಾಕಿಗೆ ಕಟ್ಟುವ ಡಬ್ಬಿಯಲ್ಲೇ ಕಟ್ಟಿ ಕೊಡಲು ಅಡ್ಡಿಯೇನು?

ಸಸ್ತಾಪುರದ ಕಡೆಯ ಒಂದು ಧಾಬಾದಲ್ಲಿ ಈಗ ಹಾಗೆ ಮಾಡುತ್ತಿದ್ದಾರೆ. ಡಬ್ಬಿಗಳು ಸೋವಿ ಸಿಕ್ಕಿದ್ದವಂತೆ, ಅಷ್ಟೇ ಕಾರಣ. ಭಾಂಡೆ ತಿಕ್ಕುವ ಹೆಣ್ಣುಮಗಳು ಅದನ್ನು ಸೆರಗಿನೊಳಗೆ ಇಟ್ಟುಕೊಳ್ಳದೆ ಕೈಯಲ್ಲೇ ಹಿಡಿದು ನಿಂತಿದ್ದಳು, ಟಂಟಂ ಬರುವುದನ್ನು ಕಾಯುತ್ತ. ಏನು ಫರಕ ಆಯ್ತವ್ವಾ ಎಂದು ಕೇಳಿದೆ.

"ಡಬ್ಬಿ ನೋಡಿ ಓಣ್ಯಾಗ ಯಾರೂ ಏನೂ ಕೇಳಂಗಿಲ್ರಿ ಅಣ್ಣಾ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಗಾರ ಮಾತ್ರ ಅಷ್ಟೇ ಅದ. ದೀಪಾವಳಿಗಿ ನೋಡಮು ಅಂದಾರ."